ಮಾತಾಡಿಸಲು ಬಂದವರು

ಗಂಗಾವತಿಯಿಂದ ಕುಷ್ಟಗಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಹೇಮಾವತಿಯ ಹೊಟ್ಟೆಯ ಬಗ್ಗೆ ಮಾತಾಡಲು ಎಲ್ಲರಿಗೂ ಹಕ್ಕಿತ್ತು. ಹೆಣ್ಣುಮಕ್ಕಳ ಪ್ರಯಾಣ ಪುಕ್ಕಟೆಯಾದ ಮೇಲಂತೂ ಬಸ್ಸಿನ ತುಂಬ ಅವರೇ. ಆಧಾರ್ ಕಾರ್ಡು ತೋರಿಸಿ, ಶೂನ್ಯ ಟಿಕೆಟ್ಟು ಇಸಿದುಕೊಂಡು, ಅವಳ ಖಾಕಿ ಅಂಗಿಯ ಕೆಳಗಿನ ಗುಂಡಿಗಳ ಮೇಲೆ ಕಣ್ಣಿಟ್ಟು ಕೇಳುತ್ತಿದ್ದರು.

"ಎಷ್ಟ ತಿಂಗಳಾತ್ರಿ ಅಕ್ಕಾರ?"

"ಇಲ್ಲರಿ."

"ಮುಚ್ಚಿಡಬ್ಯಾಡ್ರಿ, ನಮ್ಮ ಕಣ್ಣ ಛಲೋ ಅದಾವ. ಏ ತಮ್ಮಾ, ಏಳೊ, ಅಕ್ಕಾರ ಕುಂದ್ರಲಿ."

ಕಾಲೇಜು ಹುಡುಗ ಎದ್ದು ನಿಲ್ಲುತ್ತಿದ್ದ. ಇಲ್ಲ ಇಲ್ಲ ಎಂದು ವಾದ ಮಾಡುವುದಕ್ಕಿಂತ ಕೂತುಬಿಡುವುದೇ ಸುಲಭವೆಂದು ಹೇಮಾವತಿ ಕೂರುತ್ತಿದ್ದಳು. ತಾವರಗೇರಾದ ಮುದುಕಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ಹುಣಸೆಹಣ್ಣು ಕೊಟ್ಟಳು. ಹೇಮಾವತಿಗೆ ಹುಳಿಯೆಂದರೆ ಪ್ರಾಣ, ಚಪ್ಪರಿಸಿ ತಿಂದಳು. ಅಲ್ಲಿಗೆ ಇಡೀ ಬಸ್ಸಿಗೆ ಖಾತ್ರಿಯಾಯಿತು.

ಒಂದು ಕಾಲಕ್ಕೆ ಆ ಹೊಟ್ಟೆ ನಿಜವಾಗಿಯೂ ತುಂಬಿತ್ತು. ಏಳು ವರ್ಷದ ಹಿಂದೆ, ಏಳು ತಿಂಗಳಿಗೇ ನೋವು ಬಂದು, ಹುಟ್ಟಿದ ಹೆಣ್ಣುಕೂಸು ಉಸಿರಾಡಲಿಲ್ಲ. ಆಮೇಲೆ ಮತ್ತೆ ಬಸಿರು ನಿಲ್ಲಲಿಲ್ಲ, ಹೊಟ್ಟೆಯೂ ಇಳಿಯಲಿಲ್ಲ. ಕೈಕಾಲು ಸೊರಗಿದವು, ಮುಖ ಸಣ್ಣಗಾಯಿತು, ಸುದ್ದಿ ಮುಟ್ಟದವರ ಹಾಗೆ ಹೊಟ್ಟೆಯೊಂದು ಹಾಗೇ ಉಳಿಯಿತು. ಅನ್ನ ಬಿಟ್ಟಳು, ಸಂಜೆ ಕಾಲುವೆಯ ದಂಡೆಯ ಮೇಲೆ ನಡೆದಳು, ಅದು ಜಪ್ಪಯ್ಯ ಎನ್ನಲಿಲ್ಲ. ಅವಳಿಗೆ ಚೆಂದ ಕಾಣುವ ಹಂಬಲವೇನೂ ಇರಲಿಲ್ಲ. ಯಾರೂ ಕೇಳಬಾರದು, ಅಷ್ಟೇ ಬೇಕಾಗಿತ್ತು.

ಹೀಗಾಗಿ ವಾರದ ರಜೆಯ ದಿನವೊಂದರಲ್ಲಿ ಯಾರಿಗೂ ಹೇಳದೆ ಹುಬ್ಬಳ್ಳಿಗೆ ಹೋಗಿಬಂದವಳು, ಮರಳಿ ಎಂಬ ಊರಿನ ತನ್ನ ಮನೆಯಲ್ಲಿ ಎಲ್ಲರೂ ಉಣ್ಣಲು ಕೂತಾಗ ಬಾಯಿ ಬಿಟ್ಟಳು.

"ಅತ್ತಿ, ಹುಬ್ಬಳ್ಳಿಯಾಗ ಒಬ್ರು ಡಾಕ್ಟರ್ ಅದಾರ. ಹೊಟ್ಟಿ ಕೊಬ್ಬು ತೆಗಿತಾರ. ನಾ ತೋರಿಸಿಕೊಂಡು ಬಂದೀನಿ."

ಅತ್ತೆ ಹುಲಗೆಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ತೆಗಿತಾರಂದ್ರ? ಕೊಯ್ದೇನ?"

"ಕೊಯ್ಯಂಗಿಲ್ಲ. ಸಣ್ಣ ತೂತ ಮಾಡಿ, ನಳಗಿ ಇಟ್ಟು ಎಳಕೋತಾರ."

"ಟ್ರ್ಯಾಕ್ಟರಿನ ಡೀಸಲ್ ಎಳದಂಗ?" ಎಂದು ಮಾವ ಓಬಳೆಪ್ಪ ಆಸಕ್ತಿಯಿಂದ ಕೇಳಿದ. ಗದ್ದೆಗೆ ನೀರು ಹಾಯಿಸಿ ಬಂದ ಅವನ ಕಾಲು ಇನ್ನೂ ಒದ್ದೆಯಿತ್ತು.

"ಹಂಗ ಅನ್ಕೋರಿ ಮಾವ."

"ಇದ್ದ ಮೈ ಯಾರರ ತೆಗಸ್ತಾರೇನ?" ಹುಲಗೆಮ್ಮನ ದನಿ ಏರಿತು. "ನಾಳೆ ಕೂಸು ನಿಂತ್ರ ಅದು ಎಲ್ಲಿ ಬೆಳೀಬೇಕು? ಬುಟ್ಟಿನ ಬಿಸಾಕಿದ್ರ ಹಣ್ಣ ಎಲ್ಲಿಡ್ತಿ?"

"ಅದ ಬ್ಯಾರೆ, ಇದ ಬ್ಯಾರೆ ಅತ್ತಿ. ಚರ್ಮದ ಕೆಳಗಿಂದು ಅಷ್ಟ ತೆಗಿತಾರ. ಗರ್ಭಕ್ಕ ಏನೂ ಆಗಂಗಿಲ್ಲ ಅಂತ ಕೇಳಿಕೊಂಡೇ ಬಂದೀನಿ."

"ಮತ್ತ ರೊಕ್ಕ?"

"ನನ್ನ ಪಗಾರದ್ದು ಐತಿ."

ಹೇಮಾವತಿಯ ಗಂಡ ಹನುಮೇಶ ಅಕ್ಕಿಗಿರಣಿಯಲ್ಲಿ ಮಷೀನು ನೋಡಿಕೊಳ್ಳುವವನು. ಎಷ್ಟು ತೊಳೆದರೂ ರೆಪ್ಪೆಯ ಮೇಲೆ ತೌಡಿನ ಧೂಳು ಉಳಿದಿರುತ್ತಿತ್ತು, ಅದಕ್ಕೇ ಯಾವಾಗಲೂ ಈಗಷ್ಟೇ ನಿದ್ದೆಯಿಂದ ಎದ್ದವನಂತೆ ಕಾಣುತ್ತಿದ್ದ. ಅವನು ತಾಟಿನಿಂದ ತಲೆಯೆತ್ತದೆ ಹೇಳಿದ: "ಮಾಡಿಸ್ಲಿ ಬಿಡವ್ವಾ."

"ನೀ ಸುಮ್ನಿರೊ. ನಿಂದೇನ ಹೊಟ್ಟಿ?"

"ಅಕಿದೈತಲ್ಲ. ಅಕಿನ ಹೇಳಾಕತ್ಯಾಳ."

ಮದುವೆಯಾದಾಗಿನಿಂದ ಹನುಮೇಶ ಇಷ್ಟು ಉದ್ದ ಮಾತಾಡಿದ್ದು ಕಡಿಮೆ. ಹುಲಗೆಮ್ಮ ರೊಟ್ಟಿಯನ್ನು ಹಂಚಿನ ಮೇಲೆ ಬಡಿದ ಸದ್ದು ಪಡಸಾಲೆಯವರೆಗೆ ಕೇಳಿತು.

ಡಾಕ್ಟರು ಮೊದಲು ರಕ್ತ ಪರೀಕ್ಷೆ ಮಾಡಿಸಿದ್ದರು. ರಕ್ತ ಕಡಿಮೆಯಿದೆ, ಅದು ಏರಿದ ಮೇಲೆಯೇ ಆಪರೇಷನ್, ಅಲ್ಲಿಯವರೆಗೆ ಗುಳಿಗೆ ನುಂಗಿ ಸೊಪ್ಪು ಸದೆ ತಿನ್ನಿ ಎಂದು ಕಳಿಸಿದ್ದರು. ಆಪರೇಷನ್ ಬೇಡವೆಂದ ಹುಲಗೆಮ್ಮನೇ ಅಡುಗೆಯ ಹೊಣೆ ಹೊತ್ತಳು. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಎನ್ನುವಂತೆ ಡಾಕ್ಟರು ಹೇಳಿದ ಒಂದೊಂದು ಮಾತಿಗೂ ಕೊಂಕು ತೆಗೆಯುತ್ತಲೇ ನುಗ್ಗೆಸೊಪ್ಪಿನ ಪಲ್ಯ, ಶೇಂಗಾ ಬೆಲ್ಲ, ಹೆಸರುಕಾಳಿನ ಸಾರು ಎಂದು ಸೊಸೆಯ ಡಬ್ಬಿ ತುಂಬಿದಳು.

ನುಗ್ಗೆಮರ ಇದ್ದದ್ದು ಓಣಿಯ ಕೊನೆಯ ಹಸೀನಾಬೇಗಂಳ ಹಿತ್ತಲಲ್ಲಿ. ಓಬಳೆಪ್ಪ ದಿನ ಬಿಟ್ಟು ದಿನ ಕೊಕ್ಕೆ ಹಿಡಿದು ಹೋಗುತ್ತಿದ್ದ.

"ಯಾರಿಗ್ರಿ ಕಾಕಾ ಇಷ್ಟ ಸೊಪ್ಪು?"

"ಸೊಸಿಗವ್ವ. ರಕ್ತ ಕಡಿಮಿ ಐತಂತ, ಏರಸಬೇಕಂತ."

ಹಸೀನಾಬೇಗಂ ನಕ್ಕಳು. ಒಳಗೆ ಹೋಗಿ ಒಂದು ಬೊಗಸೆ ಖಜೂರಿ ತಂದು ಅವನ ಟವೆಲ್ಲಿಗೆ ಹಾಕಿದಳು. "ಇದನ್ನೂ ಕೊಡ್ರಿ. ಅಲ್ಲಾ ಈ ಸಲ ಛಲೋ ಮಾಡ್ಲಿ."

ಓಬಳೆಪ್ಪ ಟವೆಲ್ಲಿಗೆ ಗಂಟು ಹಾಕಿಕೊಂಡು ಹೊರಟ. ಖಜೂರಿ ಚೆನ್ನಾಗಿದ್ದವು, ದಾರಿಯಲ್ಲಿ ಎರಡು ತಿಂದ. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಬಾಗಿಲು ಮುಂದೆ ಮಾಡಿ ಎಲ್ಲರಿಗೂ ಕಟ್ಟಪ್ಪಣೆ ಮಾಡಿದಳು.

"ಯಾರ ಕೇಳಿದ್ರೂ ದವಾಖಾನಿಗೆ ಹೋಗ್ಯಾಳ ಅಂತ ಅಷ್ಟ ಹೇಳ್ರಿ. ಕೊಬ್ಬ ತೆಗಸಾಕ ಹೋಗ್ಯಾಳ ಅಂದ್ರ ಊರ ಮಂದಿ ಬಿದ್ದ ಬಿದ್ದ ನಗತಾರ."

ಮನೆಯವರೆಲ್ಲ ಹೂಂ ಎಂದರು. ತಪ್ಪು ನಡೆದದ್ದು ಅಲ್ಲಿಯೇ.

ನಾಟಿಯ ಕಾಲಕ್ಕೆ ರಕ್ತ ಏರಿತು. ಹೇಮಾವತಿ, ಹನುಮೇಶ ಇಬ್ಬರೂ ಬೆಳಗಿನ ರೈಲಿನಲ್ಲಿ ಹುಬ್ಬಳ್ಳಿಗೆ ಹೊರಟರು. ನೀರು ತುಂಬಿದ ಗದ್ದೆಗಳಲ್ಲಿ ಆಕಾಶ ಬಿದ್ದಿತ್ತು, ಅದರೊಳಗೆ ಹೆಂಗಸರು ಬಾಗಿ ಸಸಿ ನೆಡುತ್ತಿದ್ದರು. ಕೊಪ್ಪಳದ ಗುಡ್ಡ ಕಿಟಕಿಯಲ್ಲಿ ಬಂತು, ನಿಧಾನ ತಿರುಗಿತು, ಹೋಯಿತು. ದಿನವೂ ನಿಂತೇ ಊರೂರು ತಿರುಗುವವಳಿಗೆ ಟಿಕೆಟ್ಟು ಕೊಡದೆ, ಸೀಟಿ ಊದದೆ ಕೂತು ಹೋಗುವುದು ಯಾರದೋ ಕನಸಿನಲ್ಲಿ ಹೊಕ್ಕಂತೆ ಇತ್ತು.

"ಹೆದರಿಕಿ ಅಕ್ಕೈತೇನ?" ಹನುಮೇಶ ಕೇಳಿದ.

"ಇಲ್ಲ. ಹಸಿವಾಗೇತಿ. ಏನೂ ತಿನಬ್ಯಾಡಂದಾರ."

"ಹಂಗಾರ ನಾನೂ ತಿನ್ನಂಗಿಲ್ಲ."

ಹೇಳಿದಂತೆ ತಿನ್ನಲಿಲ್ಲ. ಗದಗಿನಲ್ಲಿ ಮಿರ್ಚಿ ಮಂಡಕ್ಕಿ ಮಾರುವವನು ಮೂಗಿನ ಕೆಳಗೇ ಹಾದುಹೋದರೂ ಕಿಟಕಿಯ ಕಡೆ ಮುಖ ಮಾಡಿ ಕೂತ.

ಡಾಕ್ಟರು ಅವಳ ಹೊಟ್ಟೆಯ ಮೇಲೆ ಪೆನ್ನಿನಿಂದ ವಂಕಿ ವಂಕಿ ಗೆರೆ ಎಳೆದರು. ಗದ್ದೆಗೆ ಬದು ಹಾಕಿದಂತೆ ಕಾಣುತ್ತಿತ್ತು. "ತೂಕ ಭಾಳ ಇಳಿಯಂಗಿಲ್ಲ ನೋಡಮ್ಮ, ಆಕಾರ ಬದಲಾಗ್ತದ. ಬಾವು ಇಳೀಲಿಕ್ಕೆ ತಿಂಗಳುಗಟ್ಟಲೆ ಬೇಕು. ಪಟ್ಟಿ ಬಿಡಬಾರದು, ದಿನಾ ಸ್ವಲ್ಪ ಸ್ವಲ್ಪ ನಡೀಬೇಕು. ಹೊಟ್ಟೆಗೆ ಬಿಸಿ ಮಾತ್ರ ತಾಗಿಸಬ್ಯಾಡ್ರಿ. ಚರ್ಮ ಜೋಮು ಹಿಡಿದಿರ್ತದ, ಸುಟ್ಟರೂ ಗೊತ್ತಾಗಂಗಿಲ್ಲ."

ಸೂಜಿ ಚುಚ್ಚಿದ ಮತ್ತಿನೊಳಗೆ ಅವಳು ಬಸ್ಸಿನಲ್ಲಿದ್ದಳು. ಬಸ್ಸಿನ ತುಂಬ ಹೆಂಗಸರು, ಯಾರೂ ಏನೂ ಕೇಳುತ್ತಿಲ್ಲ. ಹಿಂದಿನ ಸೀಟಿನ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಗಂಟೊಂದು ಕೂತಿತ್ತು. ಅದಕ್ಕೊಂದು ಟಿಕೆಟ್ಟು ಕೊಡಬೇಕೆಂದು ಅವಳು ಹೋಗುತ್ತಲೇ ಇದ್ದಳು, ಬಸ್ಸು ಉದ್ದವಾಗುತ್ತಲೇ ಇತ್ತು. ಎಚ್ಚರಾದಾಗ ನರ್ಸು ಕೆನ್ನೆ ತಟ್ಟುತ್ತಿದ್ದಳು, ಹೊಟ್ಟೆಗೆ ಉಸಿರುಗಟ್ಟುವಷ್ಟು ಬಿಗಿ ಪಟ್ಟಿ ಕಟ್ಟಿತ್ತು.

ಮರಳಿಗೆ ಕಾರು ಮಾಡಿಕೊಂಡು ಬಂದರು. ತೂತಿನ ಜಾಗದಿಂದ ಇನ್ನೂ ಕೆಂಪು ನೀರು ಒಸರುತ್ತಿತ್ತು, ಹನುಮೇಶ ಸೀಟಿನ ಮೇಲೆ ಹಳೆಯ ಚಾದರ ಹಾಸಿದ್ದ. ಎರಡು ಕೈಯಲ್ಲಿ ಹೊಟ್ಟೆ ಹಿಡಿದು, ಗಂಡನ ಹೆಗಲಿಗೆ ಒರಗಿ, ಒಂದೊಂದೇ ಹೆಜ್ಜೆ ಇಟ್ಟು ಹೇಮಾವತಿ ಒಳಗೆ ಹೋದದ್ದನ್ನು ಕಟ್ಟೆಯ ಮೇಲೆ ಕೂತ ಹೆಂಗಸರು ನೋಡಿದರು. ಹಿಂದೆ ಯಾರ ಕೈಯಲ್ಲೂ ಕೂಸು ಇರಲಿಲ್ಲ. ಅದನ್ನೂ ನೋಡಿದರು.

ಹುಲಗೆಮ್ಮ ಸೊಸೆಯನ್ನು ಹೊರಸಿನ ಮೇಲೆ ಮಲಗಿಸಿ, ಅಂಗಿ ಸರಿಸಿ ಪಟ್ಟಿ ನೋಡಿದಳು. ಬೆರಳಿನಿಂದ ಅದರ ಬಿಗಿ ನೋಡಿದಳು.

"ಇದು ಬಾಣಂತಿಗೆ ಹೊಟ್ಟಿ ಕಟ್ಟೂದ ಅಲ್ಲೇನ?"

"ಹಂಗ ಇದ್ದಂಗ ಐತಿ ಅತ್ತಿ."

"ಮತ್ತ ಇಷ್ಟ ದಿವಸ ಯಾಕ ಬಾಯಿ ಬಿಡಲಿಲ್ಲ? ಇದು ನನಗ ಗೊತ್ತಿದ್ದ ಕೆಲಸ!"

ಅಷ್ಟು ದಿನದ ಸಿಟ್ಟು ಎಲ್ಲಿ ಹೋಯಿತೋ. ಹೊಟ್ಟೆ ನೊಂದ ಹೆಣ್ಣಿಗೆ ಮಾಡುವ ಆರೈಕೆ ಅವಳಿಗೆ ಗೊತ್ತಿದ್ದದ್ದು ಒಂದೇ, ಬಾಣಂತನ. ಬಾಣಂತಿಯ ಉಂಡೆಗೆಂದು ಅಂಟು ಹುರಿದಳು, ಒಣಕೊಬ್ಬರಿ ತುರಿದಳು, ಉತ್ತತ್ತಿ ಕುಟ್ಟಿದಳು. ಒರಳಿನ ಸದ್ದು ಓಣಿಯ ಎರಡೂ ತುದಿಗೆ ಹೋಯಿತು. ಮಧ್ಯಾಹ್ನ ಒಲೆಯ ಕೆಂಡವನ್ನು ಬೋಗುಣಿಗೆ ತುಂಬಿ ಹೊರಸಿನ ಕೆಳಗೆ ಇಡಲು ತಂದಾಗ ಹನುಮೇಶ ಅಡ್ಡ ನಿಂತ.

"ಬಿಸಿ ತಾಗಿಸಬ್ಯಾಡ ಅಂದಾರವ್ವ."

"ನಿನ್ನ ಹಡದಾಗ ನಾನೂ ಕಾಸಿಕೊಂಡೀನಿ. ಸತ್ತೀನೇನ?"

"ಅಕಿಗೆ ಅಲ್ಲಿ ಸುಟ್ರೂ ತಿಳಿಯಂಗಿಲ್ಲವ್ವ. ಬೇಕಾದ್ರ ಸೂಜಿ ಚುಚ್ಚಿ ನೋಡು."

"ನೀನೇನ ಡಾಕ್ಟರಾ? ಗಿರಣ್ಯಾಗ ಹೊಟ್ಟು ಹೊಡ್ಯಾವ!"

ಕೊನೆಗೆ ಓಬಳೆಪ್ಪ ಪಂಚಾಯ್ತಿ ಮಾಡಿದ. ಕೆಂಡ ಮೂಲೆಯಲ್ಲಿರಲಿ, ಹೊರಸಿಗೆ ದೂರ; ಲೋಬಾನ, ಅಜವಾನ ಹಾಕಿ ಹೊಗೆ ಅಷ್ಟೇ ಕೊಡಲಿ. ಡಾಕ್ಟರು ಬಿಸಿ ಬೇಡವೆಂದಿದ್ದರು, ಹೊಗೆಯ ಮಾತು ತೆಗೆದಿರಲಿಲ್ಲ. ತೀರ್ಪು ಕೊಟ್ಟ ಓಬಳೆಪ್ಪನಿಗೇ ಬೇರೆ ಶಿಕ್ಷೆ ಕಾದಿತ್ತು. ಬಾವು ಇಳಿಯಲು ಸೊಸೆಗೆ ಉಪ್ಪು ಕಡಿಮೆ ಎಂದರೆ ಎರಡೆರಡು ಅಡುಗೆ ಮಾಡುವವರಾರು ಎಂದು ಹುಲಗೆಮ್ಮ ಇಡೀ ಮನೆಗೆ ಸಪ್ಪನೆ ಸಾರು ಬಡಿಸಿದಳು.

"ಆಪರೇಷನ್ ಅಕಿಗಾಗೇತೊ ನನಗಾಗೇತೊ?" ಎಂದು ಅವನು ತಾಟಿನ ಮುಂದೆ ಗೊಣಗಿದ.

"ನಿಮಗೂ ಮಾಡಸೂಣ. ನಾಲಗಿದು."

ದಿನಗಳು ಹೊಗೆಯೊಳಗೆ ಕರಗಿದವು. ನೋವಿನ ಗುಳಿಗೆ ನುಂಗಿದ ಮೇಲೆ ಹೇಮಾವತಿಗೆ ಮನೆಯೇ ತುಸು ತೇಲಿದಂತೆ ಇರುತ್ತಿತ್ತು. ಬೆಳಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ಲೋಬಾನದ ಹೊಗೆ ನೀಲಿಯಾಗಿ ಎದ್ದು ಅಟ್ಟದ ತೊಲೆಗಳ ನಡುವೆ ಸುಳಿಯುತ್ತಿತ್ತು. ಹೊರಗೆ ಕಾಲುವೆಯ ನೀರು ಯಾವಾಗಲೂ ಏನೋ ಹೇಳುತ್ತ ಹೋಗುತ್ತಿತ್ತು. ಗಿರಣಿಯಿಂದ ಬಂದ ಹನುಮೇಶ ಅವಳ ಪಟ್ಟಿಯನ್ನು ಕೊಂಡಿ ಕೊಂಡಿ ಬಿಚ್ಚಿ, ಸಾಬೂನು ಹಾಕಿ ತೊಳೆದು, ಬದಲಿ ಪಟ್ಟಿ ಕಟ್ಟಿ, ಒದ್ದೆಯದನ್ನು ಹಿತ್ತಲ ತಂತಿಯ ಮೇಲೆ ಒಣಹಾಕುತ್ತಿದ್ದ. ಹೊಟ್ಟೆಯ ಮೇಲೆ ಕಂದು, ಹಳದಿ, ಹಸಿರು ಕಲೆಗಳಿದ್ದವು. ಅವನು ಬೆರಳಿಟ್ಟು "ಇಲ್ಲಿ ತಿಳಿತೈತೇನ?" ಎಂದು ಕೇಳುತ್ತಿದ್ದ. "ಇಲ್ಲ" ಎನ್ನುತ್ತಿದ್ದಳು. "ಇಲ್ಲಿ?" "ಇಲ್ಲ." ಅವಳಿಗೆ ತಿಳಿಯದ ಆ ಜಾಗವನ್ನು ಅವನು ಇನ್ನೂ ಮೆತ್ತಗೆ ಮುಟ್ಟುತ್ತಿದ್ದ.

ಅತ್ತೆ ಬಾಯಿಗಿಟ್ಟ ಅಂಟಿನುಂಡೆ ಕರಗುವಾಗ ಹೇಮಾವತಿಗೆ ಹಳೆಯದು ನೆನಪಾಗುತ್ತಿತ್ತು. ಆ ಸಲ ಇದ್ಯಾವುದೂ ಆಗಿರಲಿಲ್ಲ. ಅಂಟಿಲ್ಲ, ಲೋಬಾನವಿಲ್ಲ, ಕೂಸಿಲ್ಲದ ಬಾಣಂತಿಗೆ ಬಾಣಂತನವೇ ಇಲ್ಲ. ಮಾತಾಡಿಸಲು ಬಂದ ಓಣಿಯ ಹೆಂಗಸರನ್ನು ಹುಲಗೆಮ್ಮ ಬಾಗಿಲಲ್ಲೇ ತಡೆದು, "ಅಳಬ್ಯಾಡ್ರಿ, ಅಳಸಬ್ಯಾಡ್ರಿ, ಕಣ್ಣೀರ ಹಾಕಿದ್ರ ಮುಂದಿಂದು ನಿಲ್ಲಂಗಿಲ್ಲ" ಎಂದು ಕೈಮುಗಿದು ಹೊಳ್ಳಿ ಕಳಿಸಿದ್ದಳು. ಕೂಸನ್ನು ತಾಯಿಗೆ ತೋರಿಸಲೂ ಇಲ್ಲ. "ನೋಡಬ್ಯಾಡ, ಕಣ್ಣಾಗ ಉಳಿತೈತಿ" ಎಂದು ಬಟ್ಟೆಯಲ್ಲಿ ಸುತ್ತಿ ಒಯ್ದರು. ಅಂದಿನಿಂದ ಆ ಮಾತು ಮನೆಯಲ್ಲಿ ಬರಲಿಲ್ಲ. ಮುಂದಿನದು ನಿಲ್ಲಲೆಂದು ಹೇಮಾವತಿ ಅಳು ನುಂಗಿದಳು, ಮುಂದಿನದೂ ನಿಲ್ಲಲಿಲ್ಲ. ನೋಡದ ಮುಖ ಕಣ್ಣಲ್ಲಿ ಉಳಿಯುವುದಿಲ್ಲವೆಂದು ಅತ್ತೆ ತಿಳಿದಿದ್ದಳು. ಹೇಮಾವತಿಯ ಕನಸಿನ ಕೂಸಿಗೆ ಮುಖವೇ ಇರಲಿಲ್ಲ, ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ?

ಓಣಿಯವರು ತಮ್ಮ ಲೆಕ್ಕ ತಾವು ಮುಗಿಸಿದ್ದರು. ಹೊಟ್ಟೆ ವರ್ಷಗಳಿಂದ ಕಂಡಿದ್ದರು, ನುಗ್ಗೆಸೊಪ್ಪು ಹೋದದ್ದು ಕಂಡು ಈ ಸಲ ನಿಜವೆಂದುಕೊಂಡಿದ್ದರು, ಈಗ ಹೊಟ್ಟೆ ಇಳಿದಿದೆ, ಲೋಬಾನದ ವಾಸನೆ ಬರುತ್ತಿದೆ, ಕೂಸಿನ ಅಳು ಮಾತ್ರ ಕೇಳುತ್ತಿಲ್ಲ. ಪಾಪ, ಎರಡನೆಯದೂ ಹೋಯಿತು. ಹೋದ ಸಲ ಹುಲಗೆಮ್ಮ ಬಾಗಿಲಲ್ಲೇ ತಡೆದಿದ್ದಳು, ಈ ಸಲ ತಡೆಯುವ ಮೊದಲೇ ಒಳಗೆ ನುಗ್ಗಬೇಕೆಂದು ಮಾತಾಡಿಕೊಂಡರು.

ಒಂದು ಇಳಿಹೊತ್ತು, ಹುಲಗೆಮ್ಮ ಹಿತ್ತಲಲ್ಲಿ ಭಾಂಡಿ ತೊಳೆಯುತ್ತಿದ್ದಾಗ, ಹೆಂಗಸರು ಸೆರಗು ಹೊದ್ದು ಒಬ್ಬರ ಹಿಂದೊಬ್ಬರು ಬಂದರು. ಕೈಯಲ್ಲಿ ಬುತ್ತಿಯ ಗಂಟು. ಸಾವಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲವಲ್ಲ, ಅದಕ್ಕೆ ರೊಟ್ಟಿ, ಪುಂಡಿಪಲ್ಯ, ಮೊಸರನ್ನ. ಮುಂದೆ ಭೀಮಕ್ಕ. ಊರಲ್ಲಿ ಯಾರು ಸತ್ತರೂ ಹಾಡ್ಯಾಡಿ ಅಳಲು ಅವಳೇ ಬೇಕು. ಅವಳು ಅತ್ತರೆ ಸತ್ತವನ ಸಾಲಗಾರನೂ ಕಣ್ಣೊರೆಸಿಕೊಳ್ಳುತ್ತಿದ್ದ. ಕಟ್ಟೆಯ ಮೇಲಿದ್ದ ಓಬಳೆಪ್ಪ ಬುತ್ತಿಯ ಗಂಟುಗಳನ್ನು ನೋಡಿ ಗಾಬರಿಯಾಗಿ ಎದ್ದು ನಿಂತ.

"ಯಾಕವ್ವ, ಏನಾತು?"

"ನೀವರ ಧೈರ್ಯ ತಗೊಳ್ರಿ ಮಾವ," ಎಂದು ಭೀಮಕ್ಕ ಅವನನ್ನು ದಾಟಿಕೊಂಡು ಒಳಗೆ ನಡೆದಳು. ಹೊರಸಿನ ಮೇಲೆ ಒರಗಿದ್ದ ಹೇಮಾವತಿಯ ಪಕ್ಕ ಕೂತಳು, ಕೊರಳಿಗೆ ಕೈ ಹಾಕಿದಳು, ದನಿ ಎತ್ತಿದಳು.

"ಬಂದ ಜೀವ ನೀರ ಕುಡೀಲಿಲ್ಲಲ್ಲೋ ನನ್ನ ಕಂದಾ... ತೊಟ್ಟಿಲಕ ಹಗ್ಗ ಹೊಸದಿಲ್ಲ, ದಾರಿ ಹಿಡದ್ಯಲ್ಲೋ ನನ್ನ ಕಂದಾ..."

ಹೇಮಾವತಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಗು ಬಂತು. ಯಾರೂ ಕೇಳಬಾರದೆಂದು ಇಷ್ಟೆಲ್ಲ ಮಾಡಿಸಿಕೊಂಡರೆ ಇಡೀ ಓಣಿ ಮನೆಯೊಳಗೇ ಬಂದು ಕೂತಿದೆ! ನಕ್ಕರೆ ಹೊಟ್ಟೆ ನೋಯುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಬಾಗಿದಳು. ಅದನ್ನು ಸಂಕಟವೆಂದೇ ತಿಳಿದ ಭೀಮಕ್ಕ ಅವಳನ್ನು ಇನ್ನಷ್ಟು ಅವಚಿಕೊಂಡಳು.

ಹುಲಗೆಮ್ಮ ಬೂದಿ ಹತ್ತಿದ ಕೈಯಲ್ಲೇ ಓಡಿ ಬಂದಳು. "ಏ ಭೀಮಕ್ಕ, ನಿಲ್ಲಸ! ಏನೂ ಆಗಿಲ್ಲ ಇಲ್ಲೆ. ಅಕಿ ಬಸರ ಇದ್ದಿಲ್ಲ..."

"ನೀ ಸುಮ್ನಿರ ಹುಲಗೆಮ್ಮ," ಎಂದಳು ಭೀಮಕ್ಕ. "ಹೋದ ಸಲನೂ ಹಿಂಗ ಮಾಡಿದಿ. ಹೊಟ್ಟ್ಯಾಗಿಂದು ಹೋದ್ರ ಅಳಬಾರದಂತ ಯಾವ ದೇವರು ಹೇಳ್ಯಾನ?" ಹೇಮಾವತಿಯ ಗದ್ದ ಹಿಡಿದು ಎತ್ತಿ, ಕೂಸನ್ನು ಕೇಳುವ ದನಿಯಲ್ಲಿ ಕೇಳಿದಳು. "ಹೆಣ್ಣೋ ಗಂಡೋ, ನನ್ನವ್ವಾ?"

ವರ್ಷಗಟ್ಟಲೆ ಬಸ್ಸಿನಲ್ಲಿ ಹೇಳಿ ಹೇಳಿ ಸವೆದ "ಇಲ್ಲರಿ" ನಾಲಗೆಯ ತುದಿಗೆ ಬಂತು. ಆದರೆ ಈ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ.

"ಹೆಣ್ಣು," ಎಂದಳು ಹೇಮಾವತಿ.

ಹುಲಗೆಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಹೆಣ್ಣ ಇತ್ತು ಭೀಮಕ್ಕ. ಈಗಿಂದಲ್ಲ. ಆಗಿಂದು. ಈಗ ಹೋದದ್ದು ಬರೇ ಕೊಬ್ಬು. ಹುಬ್ಬಳ್ಳಿಗೆ ಹೋಗಿ ತೆಗಿಸಿಕೊಂಡು ಬಂದೀನಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹಸೀನಾಬೇಗಂ ಬುತ್ತಿಯ ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಯಾರೂ ನಗಲಿಲ್ಲ. ನಗುತ್ತಾರೆಂದು ಹುಲಗೆಮ್ಮ ಅಷ್ಟು ಹೆದರಿದ್ದಳು.

"ಆಗಿಂದಾದ್ರೇನು?" ಭೀಮಕ್ಕ ಸೆರಗಿನಿಂದ ಹೇಮಾವತಿಯ ಮುಖ ಒರೆಸಿದಳು. ಒರೆಸಿದ ಮೇಲೆಯೇ ಹೇಮಾವತಿಗೆ ತಾನು ಅಳುತ್ತಿರುವುದು ತಿಳಿದದ್ದು. "ಬಾಗಲಾ ಮಟಾ ಬಂದು ಹೊಳ್ಳಿ ಹೋಗಿದ್ವಿ. ಆ ಅಳೂದು ನಮ್ಮ ಕಡೆನೂ ಹಂಗ ಉಳದೈತಿ. ಹೇಳವ್ವ, ಯಾರ ಹಂಗ ಇತ್ತು ಕೂಸು?"

"ನಾ ನೋಡಿಲ್ಲ."

"ನೋಡಿಲ್ಲ?"

"ತೋರಿಸಲಿಲ್ಲ ನನಗ."

ಭೀಮಕ್ಕ ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಉಳಿದವರೂ ನೋಡಿದರು. ಕಟ್ಟೆಯಿಂದ ಬಗ್ಗಿ ನೋಡುತ್ತಿದ್ದ ಓಬಳೆಪ್ಪನೂ ಹೆಂಡತಿಯನ್ನೇ ನೋಡಿದ. ಮೂಲೆಯ ಕೆಂಡದ ಮೇಲೆ ಕೊನೆಯ ಲೋಬಾನ ಕರಗುತ್ತಿತ್ತು, ಆ ಹೊಗೆಯಲ್ಲಿ ಎಲ್ಲರ ಮುಖವೂ ನೀರಿನೊಳಗಿನ ಮುಖದ ಹಾಗೆ ಮೆತ್ತಗೆ ಅಲುಗುತ್ತಿತ್ತು. ಹುಲಗೆಮ್ಮ ಬೂದಿ ಕೈಯನ್ನು ಸೀರೆಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಬಂದು ಹೊರಸಿನ ಕಾಲಿನ ಬಳಿ ನೆಲದ ಮೇಲೆ ಕೂತಳು.

"ಕೂದಲ ಭಾಳ ಇದ್ವು," ಎಂದಳು. "ಕರ್ರಗ. ನೆತ್ತಿಮ್ಯಾಲ ಎರಡ ಸುಳಿ. ಹನುಮೇಶಗ ಅದಾವಲ್ಲ, ಹಂಗ."

ಹೇಮಾವತಿ ಹೊರಸಿನ ಅಂಚಿಗೆ ಸರಿದಳು.

"ಗದ್ದ ನಿಂದು. ಬಾಯಿ ಸಿಟ್ಟಿಗೆದ್ದವರ ಗತೆ ಬಿಗಿ ಹಿಡದಿದ್ಲು, ಅದೂ ನಿಂದ." ಹುಲಗೆಮ್ಮ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. "ಮುಟಿಗಿ ಮುಚ್ಚಿದ್ಲು. ಬಿಡಿಸಿ ನೋಡಿದೆ ನಾನು. ಇಷ್ಟಿಷ್ಟ ಉಗುರ ಬಂದಿದ್ವು."

"ಬಣ್ಣ?" ಎಂದಳು ಹೇಮಾವತಿ. "ಬಣ್ಣ ಯಾರದ ಇತ್ತು ಅತ್ತಿ?"

"ನಂದು," ಎಂದಳು ಹುಲಗೆಮ್ಮ. "ನನ್ನ ಬಣ್ಣ ಇತ್ತ ಯವ್ವಾ."

ಹಾಗೆಂದವಳೇ ಸೊಸೆಯ ಮೊಣಕಾಲಿಗೆ ತಲೆ ಹಚ್ಚಿ, ಏಳು ವರ್ಷ ಆ ಮನೆಯಲ್ಲಿ ಯಾರಿಗೂ ಬಿಡದಿದ್ದ ಅಳುವನ್ನು ತಾನೇ ಮೊದಲು ಎತ್ತಿದಳು. ಭೀಮಕ್ಕ ಬಾಯಿ ಮುಚ್ಚಿಕೊಂಡು, ಅವಳಿಗೆ ಜಾಗ ಬಿಟ್ಟು ಸರಿದು ಕೂತಳು.